ಎಂಬತ್ತೇಳನೇ ಪುಟದ ಅಡಿಟಿಪ್ಪಣಿ

ಮಾರ್ಚ್ 3

ನಾದಿನಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಕಂಪ್ಯೂಟರ್ ಒಂದನ್ನು ಬಿಟ್ಟು. ನಾಲ್ಕು ವರ್ಷದ ಮೇಲೆ ಕಾಗದ ಬರೆಯುವವಳು ಇದಕ್ಕಿಂತ ಒಳ್ಳೆಯ ಮೊದಲ ಸಾಲು ಹುಡುಕಬೇಕಿತ್ತು. ಹುಡುಕಿದೆ. ಮೂರು ಹಾಳೆ ಹರಿದು ಹಾಕಿದ ಮೇಲೆ ಇನ್ನು ಹೇಗೆ ಬರುತ್ತದೋ ಹಾಗೆ ಬರೆದುಬಿಡೋಣ ಎಂದುಕೊಂಡೆ.

ಹೊಲಿಗೆ ಶಾಲೆಯ ಮುಖ್ಯಸ್ಥೆ ಡಿಸೆಂಬರ್ ಕೊನೆಯಲ್ಲಿ ಮನೆಗೆ ಬಂದಿದ್ದರು. ನಾವಿಬ್ಬರೂ ಅಂಗಡಿ ನಡೆಸುತ್ತಿದ್ದ ಇಪ್ಪತ್ತೆರಡು ವರ್ಷದಲ್ಲಿ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟ ಪಾಠಗಳಿವೆಯಲ್ಲ, ಕಾಲರ್ ಕತ್ತರಿಸುವುದರಿಂದ ಕೋಟಿನ ಅಸ್ತರಿನವರೆಗೆ, ಅದನ್ನೆಲ್ಲ ಶಾಲೆಯ ಪಠ್ಯಪುಸ್ತಕ ಮಾಡುತ್ತಾರಂತೆ. ಆಗಸ್ಟ್ ಒಂದಕ್ಕೆ ತರಗತಿ ಶುರು. ಅಷ್ಟರೊಳಗೆ ಪುಸ್ತಕ ಮಕ್ಕಳ ಕೈಯಲ್ಲಿರಬೇಕು. ನಾನು ಒಬ್ಬಳೇ ಒಪ್ಪಿಗೆ ಕೊಡುತ್ತೇನೆ ಎಂದರೆ ಕೇಳಲಿಲ್ಲ. "ಇಬ್ಬರ ಕೈಬರಹ ಇದೆ, ಇಬ್ಬರೂ ಓದಿ ಸಹಿ ಹಾಕಬೇಕು. ಇಲ್ಲಾಂದ್ರೆ ಬೇಡವೇ ಬೇಡ" ಅಂದರು. ಗೊತ್ತಲ್ಲ ಅವರ ಸ್ವಭಾವ, ನಮಗೆ ಪಾಠ ಹೇಳುವಾಗಲೂ ಹಾಗೆಯೇ.

ಎರಡು ತಿಂಗಳು ಕೂತು ಎಲ್ಲವನ್ನೂ ಟೈಪ್ ಮಾಡಿದ್ದೇನೆ. ಬಸ್ ಡಿಪೋದಲ್ಲಿ ಹಳೆಯದಾಯಿತೆಂದು ಎಸೆಯುತ್ತಿದ್ದ ಕಂಪ್ಯೂಟರನ್ನು ನಿಮ್ಮಣ್ಣ ನಿವೃತ್ತಿಯಾಗುವಾಗ ಕಂಕುಳಲ್ಲಿ ಇರುಕಿಕೊಂಡು ತಂದಿದ್ದರು. ಅದಕ್ಕೆ ಇಂಟರ್‌ನೆಟ್ ಗಿಂಟರ್‌ನೆಟ್ ಏನೂ ಇಲ್ಲ. ಆದ್ದರಿಂದ ಫೈಲನ್ನು ಪೆನ್‌ಡ್ರೈವಿಗೆ ಹಾಕಿ, ಅದಕ್ಕೊಂದು ಬಟ್ಟೆಯ ಚೀಲ ಹೊಲಿದು, ಅಂಚೆಯಲ್ಲಿ ಕಳಿಸುತ್ತಿದ್ದೇನೆ. ತಿದ್ದಿ ಅದೇ ಚೀಲದಲ್ಲಿ ವಾಪಸ್ ಕಳಿಸು.

ಬ್ಯಾಂಡ್ ಮಾಸ್ತರರ ಕೋಟಿನ ವಿಷಯ ನಾನು ಎತ್ತುವುದಿಲ್ಲ. ನೀನೂ ಎತ್ತಬೇಡ.

ಇಂತಿ,
ನಿನ್ನ ಅತ್ತಿಗೆ


ಮಾರ್ಚ್ 14

ಅತ್ತಿಗೆಗೆ ನಮಸ್ಕಾರ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕೋಟಿನ ವಿಷಯ ಎತ್ತಬೇಡ ಎಂದು ಎತ್ತಿದವರು ನೀವೇ. ನಾನೇಕೆ ಎತ್ತಲಿ? ನಾನು ಹೊಲಿದ ಕೋಟು, ನಾನು ಕೂರಿಸಿದ ತೋಳು. ಮಾಸ್ತರರು ವೇದಿಕೆಯ ಮೇಲೆ ಕೋಲು ಎತ್ತಿದರು, ಕಂಕುಳಲ್ಲಿ ಪರ್ರ್ ಎಂದು ಹರಿಯಿತು, ಅದನ್ನೇ ಸನ್ನೆ ಎಂದುಕೊಂಡ ಡೋಲಿನವನು ಬಾರಿಸಲು ಶುರು ಮಾಡಿದ. ಊರೆಲ್ಲ ನಕ್ಕಿತು. ಮರುದಿನ ಅಂಗಡಿಗೆ ಬಂದು "ಯಾರ್ರೀ ಇದನ್ನ ಹೊಲಿದಿದ್ದು?" ಅಂದರು, ನಾನು "ನಾನೇ" ಅಂದೆ, ಬೈಸಿಕೊಂಡೆ. ತಿಂಗಳಲ್ಲಿ ಈ ಊರಿಗೆ ಬಂದೆ. ನಾಟಕ ಕಂಪನಿಯ ಉಡುಪಿನ ಕೋಣೆಯಲ್ಲಿ ಸುಖವಾಗಿದ್ದೇನೆ. ಇಲ್ಲಿ ಬಟ್ಟೆ ಹರಿದರೆ ಪ್ರೇಕ್ಷಕರು ಅದೂ ನಾಟಕದ್ದೇ ಎಂದುಕೊಳ್ಳುತ್ತಾರೆ. ಅಷ್ಟೇ, ಮುಗಿಯಿತು.

ಇನ್ನು ಪುಸ್ತಕದ ಕಥೆ. ಅತ್ತಿಗೆ, ನೀವು ಏನು ಕಳಿಸಿದಿರೋ, ನನಗೆ ಏನು ಬಂತೋ. ಕಂಪನಿಯವರು ಉಡುಪಿನ ಪಟ್ಟಿ ಬರೆಯಲೆಂದು ಕೊಟ್ಟ ಟ್ಯಾಬಿನಲ್ಲಿ ತೆರೆದೆ. ಶರ್ಟಿನ ಅಳತೆಯ ಪಟ್ಟಿ ಕುಸಿದು ಒಂದೇ ಸಾಲಾಗಿದೆ. ಕುತ್ತಿಗೆ, ಎದೆ, ತೋಳು ಎಲ್ಲ ಸಂಖ್ಯೆಗಳೂ ಬಸ್ಸಿಗೆ ನುಗ್ಗುವವರ ಹಾಗೆ ಒಂದರ ಮೇಲೊಂದು ಬಿದ್ದಿವೆ. ಪ್ಯಾಂಟ್ ಹೊಲಿಯುವ ಹದಿನೆಂಟು ಹಂತಗಳಲ್ಲಿ ಎಲ್ಲವೂ 'ಒಂದು'. ಒಂದು, ಒಂದು, ಒಂದು. ಹುಡುಗಿಯರು ಮೊದಲ ಹಂತವನ್ನೇ ಹದಿನೆಂಟು ಸಲ ಮಾಡಿ ಮನೆಗೆ ಹೋಗುತ್ತಾರೆ.

ಎಲ್ಲ ಸರಿಮಾಡಿ ಕಳಿಸುತ್ತಿದ್ದೇನೆ. ಪಟ್ಟಿಗೆ ಗೆರೆ ಹಾಕಿದ್ದೇನೆ, ಶೀರ್ಷಿಕೆಗಳನ್ನು ದೊಡ್ಡದು ಮಾಡಿದ್ದೇನೆ. ಚೀಲದ ಹೊಲಿಗೆ ಚೆನ್ನಾಗಿದೆ. ಆದರೆ ದಾರ ಗಟ್ಟಿಯಾಗುವ ಹಾಗೆ ಮೇಣ ಹಚ್ಚಿಕೊಳ್ಳದೆ ಹೊಲಿಯುವ ಚಾಳಿ ನೀವಿನ್ನೂ ಬಿಟ್ಟಿಲ್ಲ.

ಅಣ್ಣನಿಗೆ ನನ್ನ ನೆನಪು ಹೇಳಿ.

ನಿಮ್ಮ ನಾದಿನಿ


ಮಾರ್ಚ್ 27

ನಾದಿನಿಗೆ,

ಸರಿಮಾಡಿದ್ದೇನೆ ಅಂದೆಯಲ್ಲ, ಬಂದು ನೋಡು. ನಿನ್ನ ಟ್ಯಾಬಿನಿಂದ ಬಂದ ಫೈಲನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಕಾಜಾ ಹೊಲಿಯುವುದು ಹೇಗೆ ಎಂಬ ಪಾಠದ ನಡುವೆ ಒಂದು ಪ್ಯಾಂಟು ಕಾಲು ಚಾಚಿ ಮಲಗಿದೆ. ಅದು ಐದು ಪುಟ ಹಿಂದೆ ಇರಬೇಕಾದ ಚಿತ್ರ. 'ಹನ್ನೆರಡನೇ ಚಿತ್ರ ನೋಡಿ' ಎಂದು ನಾನು ಬರೆದ ಕಡೆ ಹನ್ನೆರಡನೆಯದು ಈಗ ಗುಂಡಿಯ ಚಿತ್ರ. ನೀನು ದೊಡ್ಡದು ಮಾಡಿದ ಶೀರ್ಷಿಕೆಗಳು ನನ್ನ ಬಳಿ ಬರುವಷ್ಟರಲ್ಲಿ ಬಡಕಲಾಗಿ ಉಳಿದ ಸಾಲುಗಳ ನಡುವೆ ಕರಗಿಹೋಗಿವೆ. ನೀನು ಹಾಕಿದ ಗೆರೆಗಳು ಮಾತ್ರ ಇವೆ. ಸಂಖ್ಯೆಗಳೇ ಆಚೆ ಬಂದು ನಿಂತಿವೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ನಮ್ಮ ಎರಡು ಯಂತ್ರಗಳದ್ದೂ ಅದೇ ಬಾಳು.

ಇದರ ಮೇಲೆ ಇನ್ನೊಂದು. ಮುಖ್ಯಸ್ಥೆ ಪರೀಕ್ಷೆಗೆಂದು ಶರ್ಟಿನ ಪುಟ ಒಂದನ್ನು ಅಚ್ಚು ಹಾಕಿಸಿ ಹೊಸ ವಿದ್ಯಾರ್ಥಿನಿಗೆ ಕೊಟ್ಟರಂತೆ. ಆ ಹುಡುಗಿ ಪಾಪ, ಬರೆದದ್ದನ್ನು ಬರೆದ ಹಾಗೆ ಮಾಡುವವಳು. ತೋಳಿನ ಸಂಖ್ಯೆ ಕಾಲರಿನ ಮುಂದೆ ಬಂದು ಕೂತಿತ್ತು. ಇಪ್ಪತ್ತನಾಲ್ಕು ಇಂಚಿನ ಕಾಲರ್ ಹೊಲಿದು ತಂದಳು. ಅದರಲ್ಲಿ ಗಂಡ ಹೆಂಡತಿ ಇಬ್ಬರ ಕುತ್ತಿಗೆಯೂ ಒಟ್ಟಿಗೆ ಹಿಡಿಸುತ್ತಿತ್ತು. ಮುಖ್ಯಸ್ಥೆ ಆ ಕಾಲರನ್ನು ನನ್ನ ಮೇಜಿನ ಮೇಲಿಟ್ಟು, "ಜೂನ್ ಮುಗಿಯೋದ್ರೊಳಗೆ ಇದು ಸರಿಹೋಗದಿದ್ರೆ ಹಳೇ ಪುಸ್ತಕವೇ ಇರಲಿ ಬಿಡಮ್ಮ" ಅಂದು ಹೋದರು.

ನನಗೆ ನಿಜವಾಗಿ ಬೇಜಾರಾಯಿತು. ಹಳೆಯ ಪುಸ್ತಕದಲ್ಲಿ ತೋಳಿನ ಪಾಠವೇ ಇಲ್ಲ. ನಮ್ಮದರಲ್ಲಿ ಹದಿನಾಲ್ಕು ಪುಟವಿದೆ, ಹೆಚ್ಚಿನದು ನಿನ್ನದೇ. ಇಪ್ಪತ್ತೆರಡು ವರ್ಷದ್ದು ಹೀಗೆ ಯಂತ್ರದ ಬಾಯಿಗೆ ಬಿದ್ದು ಹೋದರೆ ನನಗೆ ತಡೆಯಲಾಗುವುದಿಲ್ಲ. ಏನಾದರೂ ಮಾಡು.

ಅತ್ತಿಗೆ

ತಾಜಾಕಲಂ: ಈ ಚೀಲಕ್ಕೆ ಮೇಣ ಹಚ್ಚಿದ ದಾರ ಹಾಕಿದ್ದೇನೆ. ಬಾಯಿ ಮುಚ್ಚಿಕೊಂಡು ನೋಡು.


ಏಪ್ರಿಲ್ 10

ಅತ್ತಿಗೆಗೆ,

ಕಾಲರಿನ ಸುದ್ದಿ ಓದಿ ಉಡುಪಿನ ಕೋಣೆಯಲ್ಲಿ ಒಬ್ಬಳೇ ಬಿದ್ದು ಬಿದ್ದು ನಕ್ಕೆ. ಅದನ್ನು ಎಸೆಯಬೇಡಿ, ನಮ್ಮ ನಾಟಕದಲ್ಲಿ ಎರಡು ತಲೆಯ ರಾಜ ಒಬ್ಬನಿದ್ದಾನೆ.

ನಕ್ಕ ಮೇಲೆ ಮುದ್ರಣಾಲಯಕ್ಕೆ ಹೋದೆ. ನಮ್ಮ ಪುಸ್ತಕ ಅಚ್ಚಾಗುವುದು ಇದೇ ಊರಿನಲ್ಲಿ ಎನ್ನುವುದು ನಮ್ಮ ಪುಣ್ಯ. ಅಲ್ಲಿ ಪುಟ ಕಟ್ಟುವ ಹೆಂಗಸು ಒಬ್ಬರಿದ್ದಾರೆ, ಮೂಗಿನ ತುದಿಯಲ್ಲಿ ಕನ್ನಡಕ, ಅದರ ಪಕ್ಕದಲ್ಲೇ ಕೋಪ. ಫೈಲನ್ನು ನೋಡಿ, "ನೀವಿಬ್ರೂ ಟೈಲರ್ರಾ? ಹಂಗಾದ್ರೆ ಹೇಳಿ, ಗುಂಡುಸೂಜಿ ಚುಚ್ಚಿ ಕೋಟು ಕೊಟ್ಟು ಕಳಿಸ್ತೀರಾ?" ಅಂದರು. ಇಲ್ಲ ಅಂದೆ. "ಮತ್ತೆ ಇಲ್ಲಿ ಯಾಕೆ ಬರೀ ಗುಂಡುಸೂಜಿ ಚುಚ್ಚಿದೀರಿ?"

ಆಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ನಾವು ಶೀರ್ಷಿಕೆಯನ್ನು ಬರೀ ದಪ್ಪ ಮಾಡಿದ್ದೇವೆ. 'ಇದು ಶೀರ್ಷಿಕೆ' ಎಂದು ಯಂತ್ರಕ್ಕೆ ಹೇಳಿಯೇ ಇಲ್ಲ. ಕಣ್ಣಿಗೆ ದಪ್ಪ ಕಂಡಿತು, ನಾವು ಸಮಾಧಾನ ಮಾಡಿಕೊಂಡೆವು. ಯಂತ್ರ ಬದಲಾದೊಡನೆ ಆ ದಪ್ಪ ಉದುರುತ್ತದೆ. ಅಳತೆಯ ಪಟ್ಟಿಯನ್ನು ನೀವು ಸ್ಪೇಸ್ ಒತ್ತಿ ಒತ್ತಿ ದೂರ ಸರಿಸಿ ಕೂರಿಸಿದ್ದೀರಿ, ಅದು ಪಟ್ಟಿಯೇ ಅಲ್ಲ. ಹಂತಗಳ ಸಂಖ್ಯೆಯೂ ಹಾಗೆಯೇ. ಮೇಲೆ ಕಾಣುವುದನ್ನಲ್ಲ, ಒಳಗೆ ಅದು ಏನು ಎನ್ನುವುದನ್ನು ಹೇಳಬೇಕು. ಶೀರ್ಷಿಕೆಯನ್ನು ಶೀರ್ಷಿಕೆ ಎಂದು, ಪಟ್ಟಿಯನ್ನು ಪಟ್ಟಿ ಎಂದು ಒಂದೊಂದಾಗಿ ಗುರುತು ಮಾಡಿದರೆ ಯಾವ ಯಂತ್ರಕ್ಕೆ ಹೋದರೂ ಬಿಚ್ಚಿಕೊಳ್ಳುವುದಿಲ್ಲ. ಫೈಲನ್ನು ಉಳಿಸುವಾಗ ಎರಡೂ ಯಂತ್ರಕ್ಕೆ ಅರ್ಥವಾಗುವ ನಮೂನೆಯಲ್ಲೇ ಉಳಿಸಬೇಕು. ಯಾವುದು ಎಂದು ಅಣ್ಣನಿಗೆ ಬೇರೆ ಚೀಟಿಯಲ್ಲಿ ಬರೆದಿದ್ದೇನೆ.

ಒಂದು ಉಪಾಯ ನನ್ನದು. ಅಂಗಡಿಯಲ್ಲಿ ಬಟ್ಟೆ ಕತ್ತರಿಸಿ ಹೊಲಿಯಲು ಕೊಡುವಾಗ ಕಟ್ಟಿಗೊಂದು ಚೀಟಿ ಚುಚ್ಚುತ್ತಿದ್ದೆವಲ್ಲ: ಮುಂಭಾಗ 2, ಬೆನ್ನು 1, ತೋಳು 2, ಕಾಲರ್ 2. ತೆಗೆದುಕೊಂಡವಳು ಎಣಿಸಿಯೇ ಕೆಲಸ ಶುರು ಮಾಡಬೇಕಿತ್ತು. ಇನ್ನು ಮೇಲೆ ಚೀಲದ ಜೊತೆ ಅಂಥದ್ದೇ ಚೀಟಿ ಬರಲಿ. ಅಧ್ಯಾಯ ಎಷ್ಟು, ಪಟ್ಟಿ ಎಷ್ಟು, ಚಿತ್ರ ಎಷ್ಟು. ಬಂದಾಗ ಎಣಿಸೋಣ, ಕಳಿಸುವಾಗ ಎಣಿಸೋಣ. ಫೈಲು ಒಬ್ಬರ ಹತ್ತಿರ ಇರುವಾಗ ಇನ್ನೊಬ್ಬರು ಮುಟ್ಟುವುದು ಬೇಡ.

ಇದೆಲ್ಲ ಬರೆಯುವಾಗ ನನಗೆ ಅಂಗಡಿಯ ಕಿಟಕಿಯ ಪಕ್ಕದ ಉದ್ದ ಮೇಜು ನೆನಪಾಯಿತು. ಇನ್ನೂ ಇದೆಯಾ?

ನಾದಿನಿ


ಏಪ್ರಿಲ್ 24

ಪ್ರೀತಿಯ ನಾದಿನಿ,

ಇದೆ. ಅದರ ಮೇಲೆಯೇ ಕಂಪ್ಯೂಟರ್ ಇಟ್ಟಿದ್ದೇನೆ. ನೀನು ಇಸ್ತ್ರಿ ಪೆಟ್ಟಿಗೆ ಮರೆತಿಟ್ಟು ಸುಟ್ಟ ಕಲೆಯ ಮೇಲೆ ಈಗ ಮೌಸು ಓಡಾಡುತ್ತದೆ.

ನಿನ್ನ ಪುಟ ಕಟ್ಟುವ ಹೆಂಗಸಿಗೆ ನನ್ನ ನಮಸ್ಕಾರ ಹೇಳು. ಗುಂಡುಸೂಜಿಯ ಮಾತು ತಲೆಗೆ ಹೋಯಿತು. ಹನ್ನೆರಡು ದಿನ ಕೂತು ಒಂದೊಂದೇ ಗುಂಡುಸೂಜಿ ಕಿತ್ತು ಹೊಲಿದಿದ್ದೇನೆ. ನಿಮ್ಮಣ್ಣನಿಗೆ ಈ ಎಣಿಸುವ ಕೆಲಸ ಸಿಕ್ಕಿದ್ದೇ ಸಿಕ್ಕಿದ್ದು, ಮೂವತ್ತು ವರ್ಷ ಬಸ್ಸಿನ ವೇಳಾಪಟ್ಟಿ ಬರೆದ ಮನುಷ್ಯ, ಹತ್ತು ವರ್ಷ ಚಿಕ್ಕವರಾಗಿದ್ದಾರೆ. ಬೆಳಿಗ್ಗೆ ಎದ್ದು ಎಣಿಸುತ್ತಾರೆ, ಊಟ ಮಾಡಿ ಎಣಿಸುತ್ತಾರೆ. ಚೀಟಿ ಅವರದೇ ಅಕ್ಷರ: ಅಧ್ಯಾಯ 14, ಪಟ್ಟಿ 9, ಚಿತ್ರ 31. ಹೊಂದಿಸಿ ನೋಡು.

ಒಂಬತ್ತನೇ ಅಧ್ಯಾಯ, ತೋಳು ಕೂರಿಸುವುದು, ಅದನ್ನು ಮಾತ್ರ ನಿಧಾನವಾಗಿ ಓದು. ಅಲ್ಲಿ ನಿನಗೆ ಅಂತಲೇ ಒಂದು ಮಾತು ಬರೆದಿದ್ದೇನೆ. ಕಾಗದದಲ್ಲಿ ಬರೆಯಲು ಕೈ ಬರಲಿಲ್ಲ. ಓದಿದ ಮೇಲೆ ಏನಾದರೂ ಒಂದು ಉತ್ತರ ಕೊಡು, ಬೈದರೂ ಸರಿಯೇ. ಕಾಯುತ್ತಿರುತ್ತೇನೆ.

ನಿನ್ನ ಅತ್ತಿಗೆ


ಮೇ 6

ಅತ್ತಿಗೆಗೆ,

ಹದಿನಾಲ್ಕು, ಒಂಬತ್ತು, ಮೂವತ್ತೊಂದು! ಎಲ್ಲ ಸರಿಯಾಗಿ ಬಂದಿದೆ. ಪ್ಯಾಂಟು ಪ್ಯಾಂಟಿನ ಪಾಠದಲ್ಲೇ ಇದೆ. ಹಂತಗಳು ಒಂದರಿಂದ ಹದಿನೆಂಟರವರೆಗೆ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿವೆ. ಖುಷಿಗೆ ಉಡುಪಿನ ಕೋಣೆಯಲ್ಲಿ ಎಲ್ಲರಿಗೂ ಚಹಾ ಕೊಡಿಸಿದೆ.

ಒಂಬತ್ತನೇ ಅಧ್ಯಾಯ ನಿಧಾನವಾಗಿಯೇ ಓದಿದೆ. ನನಗೆ ಅಂತ ಬರೆದ ಮಾತೂ ಸಿಕ್ಕಿತು: 'ತೋಳು ಕೂರಿಸುವುದರಲ್ಲಿ ಇಬ್ಬರು ದರ್ಜಿಗಳು ಒಪ್ಪುವುದು ಅಪರೂಪ, ಅದರಲ್ಲೂ ಒಂದೇ ಮನೆಯವರು.' ನಕ್ಕುಬಿಟ್ಟೆ ಅತ್ತಿಗೆ! ಅಷ್ಟು ಚಿಕ್ಕ ಮಾತಿಗೆ ಅಷ್ಟು ಪೀಠಿಕೆ ಬೇಕಿತ್ತೇ? ಅಲ್ಲೊಂದು ಅಲ್ಪವಿರಾಮ ಬಿಟ್ಟಿದ್ದಿರಿ, ಹಾಕಿದ್ದೇನೆ. ಬೈಯುವಂಥದ್ದು ಏನೂ ಇಲ್ಲ.

ನಿಮ್ಮ ನಾದಿನಿ


ಮೇ 15

ಫೈಲು ತಲುಪಿತು. ಎಣಿಕೆ ಸರಿಯಿದೆ. ಅಲ್ಪವಿರಾಮ ನೋಡಿದೆ. ಮುದ್ರಣಾಲಯಕ್ಕೆ ಕಳಿಸಲು ನಿಮ್ಮಣ್ಣನಿಗೆ ಹೇಳಿದ್ದೇನೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ನೇರವಾಗಿ ಶಾಲೆಗೇ ಕಳಿಸಬಹುದು.

ಅತ್ತಿಗೆ


ಮೇ 28

ತಂಗಿಗೆ ಅಣ್ಣನ ಆಶೀರ್ವಾದ.

ನಾನು ಕಾಗದ ಬರೆಯುವ ಪೈಕಿ ಅಲ್ಲ ಎಂದು ನಿನಗೆ ಗೊತ್ತು. ಆದರೆ ಮನೆಯ ಹವಾಮಾನ ಸರಿಯಿಲ್ಲ. ನಿನ್ನ ಮೇ ತಿಂಗಳ ಕಾಗದ ಬಂದ ದಿನದಿಂದ ನಿಮ್ಮ ಅತ್ತಿಗೆ ಮಾತು ನಿಲ್ಲಿಸಿ ಪಾತ್ರೆಗಳ ಕೈಯಲ್ಲಿ ಮಾತಾಡಿಸುತ್ತಿದ್ದಾಳೆ. ಒಂದೇ ಒಂದು ಮಾತು ಅಂದರೆ, "ನಕ್ಕಳಂತೆ! ನಕ್ಕುಬಿಟ್ಟಳಂತೆ!" ಅಂತ. ಯಾಕೆ ಎಂದು ಕೇಳಿದರೆ, "ನಾಲ್ಕು ವರ್ಷ ಎದೆಯಲ್ಲಿಟ್ಟುಕೊಂಡಿದ್ದನ್ನ ಬರೆದ್ರೆ ಅವಳು ಅಲ್ಪವಿರಾಮ ಹಾಕಿ ಕಳಿಸ್ತಾಳೆ" ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ನನಗೆ ತಲೆಬುಡ ತಿಳಿಯಲಿಲ್ಲ. ನೀನೂ ಹಾಗೆ ನಗುವವಳಲ್ಲ, ಅವಳೂ ಸುಮ್ಮನೆ ಅಳುವವಳಲ್ಲ. ಎಲ್ಲೋ ಎಣಿಕೆ ತಪ್ಪಿದೆ. ಆದರೆ ನಾನು ಮೂರು ಸಲ ಎಣಿಸಿದ್ದೇನೆ.

ಫೈಲನ್ನು ಇದ್ದದ್ದು ಇದ್ದ ಹಾಗೆ ಮುದ್ರಣಾಲಯಕ್ಕೆ ಕಳಿಸಿದ್ದೇನೆ. ಒಂದು ಅಕ್ಷರ ಮುಟ್ಟಿಲ್ಲ. ನೀನೇ ಕರಡು ನೋಡು ಎಂದು ನಿನ್ನ ವಿಳಾಸ ಕೊಟ್ಟಿದ್ದೇನೆ, ಅವಳು ನೋಡುವುದಿಲ್ಲವಂತೆ. ಮಂಡಿ ನೋವು ಪರವಾಗಿಲ್ಲ.

ಅಣ್ಣ


ಜೂನ್ 12

ಅತ್ತಿಗೆ, ಅತ್ತಿಗೆ,

ಈ ಕಾಗದ ಓದುವ ಮೊದಲು ಕೂತುಕೊಳ್ಳಿ. ಕೈಯಲ್ಲಿ ಪಾತ್ರೆ ಇದ್ದರೆ ಕೆಳಗಿಡಿ.

ನಿನ್ನೆ ಮಧ್ಯಾಹ್ನ ಕರಡು ಪ್ರತಿ ಬಂತು. ಇನ್ನೂರು ಪುಟ, ಅಚ್ಚುಕಟ್ಟು. ತಿರುವುತ್ತಾ ಹೋದೆ. ಹನ್ನೊಂದನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ: 'ಈ ವಾಕ್ಯ ನಾದಿನಿಯದು. ಅವಳಿಗೆ ಯಾವಾಗಲೂ ಉದ್ದ.' ನನಗೆ ಆಶ್ಚರ್ಯವಾಯಿತು. ನಲವತ್ತನೇ ಪುಟದಲ್ಲಿ: 'ಇಲ್ಲಿಯವರೆಗೆ ಓದಿ ಹೇಳಿದೆ. ಇವರು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದಾರೆ.' ಅರವತ್ತೆರಡರಲ್ಲಿ: 'ಗುಂಡಿಯ ಚಿತ್ರ ನನಗಿಂತ ಅವಳೇ ಚೆನ್ನಾಗಿ ಬರೆದಿದ್ದಾಳೆ, ಹೇಳಬಾರದು.' ಪಠ್ಯಪುಸ್ತಕದಲ್ಲಿ ಇದೇನು ಎಂದು ಗಾಬರಿಯಾಗಿ ಎಂಬತ್ತೇಳಕ್ಕೆ ಬಂದೆ. ತೋಳಿನ ಚಿತ್ರದ ಕೆಳಗೆ, ನಾಲ್ಕನೇ ಅಡಿಟಿಪ್ಪಣಿ. ಇದ್ದ ಹಾಗೆ ಬರೆಯುತ್ತೇನೆ:

'ಈ ತೋಳು ನಾದಿನಿಯದು. ಕೈ ಎತ್ತಿ ಕೆಲಸ ಮಾಡುವವರಿಗೆ ಇದೇ ಸರಿ. ಬ್ಯಾಂಡ್ ಮಾಸ್ತರರ ಕೋಟಿನಲ್ಲಿ ಅವಳು ಹೀಗೆಯೇ ಕೂರಿಸಿದ್ದಳು. ಕೈ ಇಳಿಬಿಟ್ಟರೆ ಸುಕ್ಕು ಕಾಣುತ್ತದೆ ಎಂದು, ಅವಳು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾಗ, ನಾನು ಬಿಚ್ಚಿ ಎರಡು ಬೆರಳು ಒಳಗೆ ಹಿಡಿದು ಹೊಲಿದೆ. ಅವಳಿಗೆ ಹೇಳಲಿಲ್ಲ. ಹರಿದದ್ದು ನನ್ನ ಹೊಲಿಗೆ. ಎಲ್ಲರೆದುರು ಅವಳು ಬೈಸಿಕೊಳ್ಳುವಾಗ ನಾನು ಟೇಪು ಸುತ್ತುತ್ತಾ ನಿಂತಿದ್ದೆ. ತಪ್ಪಾಯಿತು ಕಣೇ. ಹೊಟ್ಟೆಗೆ ಹಾಕಿಕೋ.'

ಕರಡನ್ನು ಎದೆಗೆ ಒತ್ತಿಕೊಂಡು ಮುದ್ರಣಾಲಯಕ್ಕೆ ಓಡಿದೆ. ಪುಟ ಕಟ್ಟುವವರು ಹೇಳಿದರು: ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಪುಟದ ಅಂಚಿನಲ್ಲಿ ಟಿಪ್ಪಣಿ ಬರೆಯಬಹುದಂತೆ. ನೀವು ಬರೆದಿದ್ದಿರಿ. ನನ್ನ ಟ್ಯಾಬು ಅದನ್ನು ಅಳಿಸಲಿಲ್ಲ, ತೋರಿಸಲೂ ಇಲ್ಲ, ಮಡಿಚಿ ಒಳಗೆ ಇಟ್ಟುಕೊಂಡು ಹಾಗೆಯೇ ವಾಪಸ್ ಕಳಿಸಿತು. ಅವರ ಯಂತ್ರ ಅಂಚಿನಲ್ಲಿದ್ದದ್ದನ್ನೆಲ್ಲ ಅಡಿಟಿಪ್ಪಣಿ ಮಾಡಿ ಪುಟದ ಕೆಳಗೆ ಇಳಿಸಿತು. ಅಣ್ಣ ಅಧ್ಯಾಯ ಎಣಿಸಿದ, ಪಟ್ಟಿ ಎಣಿಸಿದ, ಚಿತ್ರ ಎಣಿಸಿದ. ಅಂಚನ್ನು ಯಾರೂ ಎಣಿಸಲಿಲ್ಲ. ಚೀಟಿಯ ಉಪಾಯ ನನ್ನದೇ, ಆದ್ದರಿಂದ ಇದರ ಪಾಪ ನನಗೇ ಇರಲಿ.

ನಾನು ನಕ್ಕದ್ದು ನಿಮ್ಮ ಕ್ಷಮಾಪಣೆಗಲ್ಲ ಅತ್ತಿಗೆ. ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ನೀವು ಒಂದು ತಿಂಗಳು ನಾನು ನಕ್ಕೆ ಎಂದುಕೊಂಡು ಇದ್ದಿರಲ್ಲ, ಅದನ್ನು ನೆನೆದು ಬೆಳಗಾಗುವ ಮೊದಲೇ ಈ ಕಾಗದಕ್ಕೆ ಕೂತಿದ್ದೇನೆ.

ಈಗ ನನ್ನ ಸರದಿ. ಇದನ್ನು ಅಂಚಿನಲ್ಲಿ ಬರೆಯುವುದಿಲ್ಲ, ನಡುಪುಟದಲ್ಲೇ ಬರೆಯುತ್ತೇನೆ.

ನೀವು ಬಿಚ್ಚಿ ಹೊಲಿದದ್ದು ನನಗೆ ಆ ದಿನವೇ ಗೊತ್ತಿತ್ತು. ಹಲ್ಲು ಕೀಳಿಸಿಕೊಂಡು ಬಂದವಳು ಕೋಟಿನ ಕಂಕುಳ ಕೆಳಗೆ ಬೆರಳಾಡಿಸಿದೆ. ಮೇಣ ಹಚ್ಚದ ದಾರ. ಅಂಗಡಿಯಲ್ಲಿ ಮೇಣ ಹಚ್ಚದವರು ನೀವೊಬ್ಬರೇ. ಎರಡು ಬೆರಳು ಹೋಗಿದೆ, ಮಾಸ್ತರರು ಕೈ ಎತ್ತಿದರೆ ಹರಿದೇ ಹರಿಯುತ್ತದೆ ಎನ್ನುವುದೂ ತಿಳಿಯಿತು. ಬಾಯಿ ಮರಗಟ್ಟಿತ್ತು, ಮಾತಾಡಲಾಗಲಿಲ್ಲ ಎಂದು ನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಕೈ ಮರಗಟ್ಟಿರಲಿಲ್ಲ, ಬಿಚ್ಚಬಹುದಿತ್ತು. 'ಹರಿಯಲಿ, ಆಗ ಬುದ್ಧಿ ಬರುತ್ತೆ' ಎಂದುಕೊಂಡು ಹ್ಯಾಂಗರಿಗೆ ಹಾಕಿ ಕೊಟ್ಟು ಕಳಿಸಿದೆ. ಅಂಗಡಿಯಲ್ಲಿ "ನಾನೇ" ಅಂದದ್ದು ದೊಡ್ಡತನಕ್ಕಲ್ಲ. ನೀವು ಒಳಗೊಳಗೇ ಸುಡಲಿ ಎಂದು. ಆ ಮನುಷ್ಯನನ್ನು ಊರೆದುರು ನಗೆಪಾಟಲು ಮಾಡಿದ್ದು ನಿಮ್ಮ ಹೊಲಿಗೆ ಒಂದೇ ಅಲ್ಲ, ನನ್ನ ಜಂಬವೂ.

ಪುಟ ಕಟ್ಟುವವರು ಕೇಳುತ್ತಿದ್ದಾರೆ: "ಈ ಅಡಿಟಿಪ್ಪಣಿ ಎಲ್ಲ ತೆಗೀಲಾ, ಇರಲಾ? ಇಪ್ಪತ್ತಾರಕ್ಕೆ ಅಚ್ಚಿಗೆ ಹೋಗ್ಬೇಕು." ತೆಗೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಇರಲಿ ಎನ್ನುವ ಹಕ್ಕು ನನಗಿಲ್ಲ. ನೀವು ಹೇಳಿ.

ನಿಮ್ಮ ನಾದಿನಿ


ಜೂನ್ 19

ಕಳ್ಳಿ,

ಗೊತ್ತಿತ್ತೇ! ನಾಲ್ಕು ವರ್ಷ ನಾನು ತಲೆ ತಗ್ಗಿಸಿಕೊಂಡು ಆ ಬ್ಯಾಂಡ್ ಮಾಸ್ತರರನ್ನು ಕಂಡರೆ ಬೇರೆ ಬೀದಿಗೆ ತಿರುಗುತ್ತಿದ್ದೆ. ಇವಳಿಗೆ ಮೊದಲೇ ಗೊತ್ತಿತ್ತಂತೆ. ನಿನ್ನ ಕಾಗದ ಓದಿ ಮೊದಲು ಕೆಂಡದಂಥ ಕೋಪ ಬಂತು. ಎರಡನೇ ಸಲ ಓದಿದಾಗ ಅಳು ಬಂತು. ಮೂರನೇ ಸಲ ನಿಮ್ಮಣ್ಣ ಗಟ್ಟಿಯಾಗಿ ಓದಿದರು, 'ಗೊರಕೆ' ಬಂದ ಕಡೆ ಅವರು ನಿಲ್ಲಿಸಿ ಕನ್ನಡಕ ತೆಗೆದು ನನ್ನನ್ನು ನೋಡಿದ ರೀತಿಗೆ ನಗು ತಡೆಯಲಾಗಲಿಲ್ಲ. ಕೋಪ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಹುಡುಕಲೂ ಇಲ್ಲ.

ಅಂಚಿನಲ್ಲಿ ಬರೆಯುವುದನ್ನು ಅವರೇ ಕಲಿಸಿದ್ದು, ಎಣಿಸಲು ಕೊಡುವಾಗ ಮಾತ್ರ ನಾನು ಅಂಚನ್ನು ಮರೆಮಾಡಿ ಕೊಡುತ್ತಿದ್ದೆ. ಡಿಪೋದಲ್ಲಿ ಮೇಲಧಿಕಾರಿಗಳು ವೇಳಾಪಟ್ಟಿಯ ಅಂಚಿನಲ್ಲಿ ಹೀಗೆಯೇ ಬೈದು ಬರೆಯುತ್ತಿದ್ದರಂತೆ. ಮುಖ ನೋಡಿ ಹೇಳಲಾಗದ್ದಕ್ಕೆ ಅಂಚೇ ಸರಿ ಎನ್ನಿಸಿತು ನನಗೆ. ಈಗ ನೋಡಿದರೆ ಇಡೀ ಶಾಲೆ ಓದುವ ಹಾಗಾಯಿತು.

ಮುಖ್ಯಸ್ಥೆಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಎಂಬತ್ತೇಳನೇ ಪುಟದ ಮಾತನ್ನು ನಿನ್ನ ಕಾಗದದಲ್ಲೇ ಎರಡು ಸಲ ಓದಿದರು. "ಇನ್ನೊಬ್ಬರ ಹೊಲಿಗೆ ಬಿಚ್ಚೋ ಮೊದಲು ಕೇಳಬೇಕು ಅಂತ ಮೂವತ್ತು ವರ್ಷದಿಂದ ಬಾಯಿ ಬಡ್ಕೊಂಡಿದೀನಿ, ಒಬ್ಬರೂ ಕೇಳಲ್ಲ. ಇದನ್ನಾದ್ರೂ ಓದ್ತಾರೆ. ಇರಲಿ ಬಿಡಮ್ಮ" ಅಂದರು.

ಆದ್ದರಿಂದ ಎಂಬತ್ತೇಳನೆಯದು ಇರಲಿ. ಉದ್ದ ವಾಕ್ಯದ್ದು ತೆಗೆಸು, ಗುಂಡಿಯ ಚಿತ್ರದ್ದು ಇರಲಿ. ಗೊರಕೆಯದನ್ನು ತೆಗೆಸದಿದ್ದರೆ ಇನ್ನು ಎಣಿಸುವುದಿಲ್ಲ ಎಂದು ನಿಮ್ಮಣ್ಣ ಮುಷ್ಕರ ಹೂಡಿದ್ದಾರೆ. ನಿನಗೆ ಸೇರಿಸುವುದಿದ್ದರೆ ನನ್ನ ಮಾತಿನ ಕೆಳಗೆ ನೀನೇ ಸೇರಿಸು. ನನ್ನದನ್ನು ಮಾತ್ರ ತಿದ್ದಬೇಡ, ಅಲ್ಪವಿರಾಮ ಕೂಡ.

ಇನ್ನೊಂದು. ನಿನ್ನೆ ಬೇರೆ ಬೀದಿಗೆ ತಿರುಗಲಿಲ್ಲ. ಬ್ಯಾಂಡ್ ಮಾಸ್ತರರ ಮನೆಗೇ ಹೋದೆ. ಬಾಗಿಲು ತೆಗೆದ ಮನುಷ್ಯ ಅಳತೆ ಟೇಪು ನೋಡಿ ಒಂದು ಹೆಜ್ಜೆ ಹಿಂದೆ ಹೋದರು. ನಡೆದದ್ದನ್ನೆಲ್ಲ ಹೇಳಿದೆ. ಎಲ್ಲ ಕೇಳಿ, "ಅಂದ್ರೆ ನಿಮ್ಮ ಮನೆ ಜಗಳ ನನ್ನ ಕಂಕುಳಲ್ಲಿ ಆಗಿದ್ದು ಅನ್ನಿ" ಅಂದರು. ಕೋಟು ಇನ್ನೂ ಇಟ್ಟುಕೊಂಡಿದ್ದಾರೆ! ಕೈ ಕೆಳಗಿಟ್ಟುಕೊಂಡೇ ಮದುವೆ ಮನೆಗಳಿಗೆ ಹಾಕಿಕೊಂಡು ಹೋಗುತ್ತಾರಂತೆ. ತಂದು ಕಿಟಕಿಯ ಬೆಳಕಿನಲ್ಲಿ ಒಳಗೆ ತಿರುಗಿಸಿ ನೋಡಿದೆ. ಬಟ್ಟೆ ಹರಿದಿಲ್ಲ ಕಣೇ, ಬಿಟ್ಟದ್ದು ಹೊಲಿಗೆ ಮಾತ್ರ. ಆಮೇಲೆ ಯಾರೋ ಅದೇ ಗೆರೆಯಲ್ಲಿ ಹೊಲಿದು ಕೊಟ್ಟಿದ್ದಾರೆ. ನಾನು ಆ ದಿನ ಹಿಡಿದು ಹೊಲಿದಿದ್ದೆನೇ ಹೊರತು ಕತ್ತರಿಸಿರಲಿಲ್ಲ. ನೀನು ಬಿಟ್ಟಿದ್ದ ಎರಡು ಬೆರಳು ಬಟ್ಟೆ ಹಾಗೆಯೇ ಒಳಗಿದೆ.

ಕೋಟು ಈಗ ಉದ್ದ ಮೇಜಿನ ಮೇಲಿದೆ. ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿದ್ದೇನೆ. ಆಗಸ್ಟ್ ಒಂದಕ್ಕೆ ಶಾಲೆಯಲ್ಲಿ ಪುಸ್ತಕ ಕೊಡುವಾಗ ಅವರದೇ ಬ್ಯಾಂಡು, ಕೈ ಎತ್ತಲೇಬೇಕು. ನೀನು ಬಂದು ತೋಳು ಕೂರಿಸು. ನಾನು ಎದುರಿಗೆ ಕೂತು ನೋಡುತ್ತೇನೆ, ಕೈ ಹಚ್ಚುವುದಿಲ್ಲ.

ನಿನ್ನ ಅತ್ತಿಗೆ


ಜುಲೈ 22

ಅತ್ತಿಗೆಗೆ,

ಪುಸ್ತಕ ಅಚ್ಚಾಯಿತು. ಮೊದಲ ಪ್ರತಿ ಈ ಚೀಲದಲ್ಲಿದೆ. ಎಂಬತ್ತೇಳನೇ ಪುಟ ತೆರೆಯಿರಿ. ನಿಮ್ಮ ಮಾತು ಇದ್ದ ಹಾಗೆಯೇ ಇದೆ. ಅದರ ಕೆಳಗೆ ನನ್ನದು ಒಂದೇ ಸಾಲು: 'ಇದು ಆ ದಿನವೇ ಗೊತ್ತಿದ್ದೂ ನಾನು ಸುಮ್ಮನಿದ್ದೆ.' ನನ್ನ ವಾಕ್ಯಗಳಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದು, ನೋಡಿ ಸಂತೋಷಪಡಿ. ಪುಟ ಕಟ್ಟುವವರು ಅದನ್ನು ಸೇರಿಸುವಾಗ ಕನ್ನಡಕ ಒರೆಸಿಕೊಂಡರು, ಧೂಳು ಅಂದರು.

ಕಂಪನಿಯಲ್ಲಿ ಹತ್ತು ದಿನ ರಜೆ ಕೇಳಿದ್ದೇನೆ, ಕೊಟ್ಟಿದ್ದಾರೆ. ಇಪ್ಪತ್ತೆಂಟರ ಬೆಳಗಿನ ಬಸ್ಸು. ಅದು ಎಷ್ಟು ಗಂಟೆಗೆ ತಲುಪುತ್ತದೆ ಎಂದು ಅಣ್ಣನಿಗೆ ನಾನು ಹೇಳಬೇಕಾಗಿಲ್ಲ. ಚೀಟಿ ಚುಚ್ಚಿದ್ದೇನೆ. ಬಂದ ಮೇಲೆ ಬಾಗಿಲಲ್ಲೇ ಎಣಿಸಿಕೊಳ್ಳಿ, ಈ ಸಲ ಏನನ್ನೂ ಬಿಟ್ಟಿಲ್ಲ.

ನಾದಿನಿ 1
ಕತ್ತರಿ 1
ಮೇಣದ ಉಂಡೆ 2 (ಒಂದು ನಿಮಗೆ)